ವ್ಯಾಧಿಗ್ರಸ್ತ ಕಿಶೋರರ ಕಥೆಗಳು ಮತ್ತು ಅಧ್ಯಾಪಕನ ಹೊಣೆ

ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ವಾರಗಟ್ಟಲೆ ಗೈರುಹಾಜರಿಯ ಗುರುತು ಬೀಳುತ್ತ ಹೋಗುವುದನ್ನು ಕಂಡ ಅನುಭವ ಬಹುಮಟ್ಟಿಗೆ ಎಲ್ಲ ಅಧ್ಯಾಪಕರಿಗೂ ಉಂಟು. ಕಾರಣ ಕಠಿಣವಾದ ಕಾಯಿಲೆಯೆಂದು ತಿಳಿದಾಗ ನಾವು ಮರುಗುತ್ತೇವೆ, ನೆರವು ಸಂಗ್ರಹಿಸುತ್ತೇವೆ, ಗುಣವಾಗಲೆಂದು ಪ್ರಾರ್ಥಿಸುತ್ತೇವೆ. ಇವೆಲ್ಲ ಸಲ್ಲತಕ್ಕವೇ. ಆದರೆ ಆ ವಿದ್ಯಾರ್ಥಿಯ ಎದುರು ನಿಂತಾಗ ಏನು ಮಾತನಾಡಬೇಕೆಂಬುದು ಮಾತ್ರ ನಮಗೆ ತೋಚುವುದಿಲ್ಲ. ಈ ವಿಷಯದಲ್ಲಿ ಇಂಗ್ಲಿಷ್ ಭಾಷೆಯ ಕಿಶೋರ ಕಾದಂಬರಿಗಳಿಂದ ನಾವು ಕಲಿಯಬಹುದಾದುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಥೆಗಳಲ್ಲಿ ರೋಗಪೀಡಿತ ಮಕ್ಕಳು ಹೊಸಬರಲ್ಲ. ಅಮೆರಿಕದ ಲೇಖಕಿ ಸೂಸನ್ ಕೂಲಿಡ್ಜ್ 1872ರಲ್ಲಿ ಪ್ರಕಟಿಸಿದ 'ವಾಟ್ ಕೇಟಿ ಡಿಡ್' ಎಂಬ ಕಥೆಯಲ್ಲಿ ತುಂಟ ಹುಡುಗಿ ಕೇಟಿ ಉಯ್ಯಾಲೆಯಿಂದ ಬಿದ್ದು ಬೆನ್ನು ನೋಯಿಸಿಕೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿಯುತ್ತಾಳೆ. ನೋವು ಅವಳಿಗೆ ತಾಳ್ಮೆಯನ್ನು ಕಲಿಸುತ್ತದೆ. ತಾಳ್ಮೆ ಕೈಗೂಡಿದ ಮೇಲೆ ನಡಿಗೆಯೂ ಮರಳುತ್ತದೆ. ಲೂಯಿಸಾ ಮೇ ಆಲ್ಕಾಟ್ ಅವರ 'ಲಿಟಲ್ ವಿಮೆನ್' ಕಾದಂಬರಿಯ ಬೆತ್ ಮೆಲುದನಿಯ ಸಾಧ್ವಿ. ಅವಳ ಮರಣ ಉಳಿದವರ ಮನಸ್ಸನ್ನು ತಿದ್ದುತ್ತದೆ. ಅಂದಿನ ಇಂಥ ಕಥೆಗಳಲ್ಲಿ ಮಗುವಿನ ಕಾಯಿಲೆ ಒಂದು ನೀತಿಪಾಠವಾಗುತ್ತಿತ್ತು.

ಇತ್ತೀಚಿನ ಕಾದಂಬರಿಗಳಲ್ಲಿ ಈ ದೃಷ್ಟಿ ಪಲ್ಲಟಗೊಂಡಿದೆ. ಇಂಗ್ಲೆಂಡಿನ ಜೆನ್ನಿ ಡೌನ್‌ಹ್ಯಾಮ್ ಅವರ 'ಬಿಫೋರ್ ಐ ಡೈ' 2007ರಲ್ಲಿ ಹೊರಬಂದಿತು. ರಕ್ತದ ಕ್ಯಾನ್ಸರಿಗೆ ತುತ್ತಾದ 16 ವರ್ಷದ ಟೆಸ್ಸಾ ಇಲ್ಲಿ ತಾನೇ ಕಥೆ ಹೇಳುತ್ತಾಳೆ. ಅವಳು ಸಾಧ್ವಿಯಲ್ಲ; ಸಿಡುಕುತ್ತಾಳೆ, ತಂದೆಯ ಮಾತು ಮೀರುತ್ತಾಳೆ, ಸಾಯುವ ಮುನ್ನ ಮಾಡಬೇಕಾದ ಕಾರ್ಯಗಳ ಪಟ್ಟಿ ಬರೆಯುತ್ತಾಳೆ. ಅವಳ ಕೋಪಕ್ಕೂ ಆಸೆಗೂ ಲೇಖಕಿ ಕ್ಷಮೆ ಯಾಚಿಸುವುದಿಲ್ಲ.

2012ರಲ್ಲಿ ಬಂದ ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಗ್ರೀನ್ ತರುಣರಾಗಿದ್ದಾಗ ಮಕ್ಕಳ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ಸಾಂತ್ವನ ಹೇಳುವ ಕೆಲಸವನ್ನು ಕೆಲವು ತಿಂಗಳು ಮಾಡಿದವರು. ಅವರ ನಾಯಕಿ ಹೇಜಲ್‌ಳ ಥೈರಾಯಿಡ್ ಗ್ರಂಥಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ. ಆಮ್ಲಜನಕದ ಸಿಲಿಂಡರನ್ನು ಎಳೆದುಕೊಂಡೇ ಅವಳು ನಡೆಯಬೇಕು. ಮೂಳೆಯ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡ ಅಗಸ್ಟಸ್ ಅವಳ ಸಂಗಾತಿ. ಹೇಜಲ್‌ಳನ್ನು ಕಾಡುವುದು ತನ್ನ ಸಾವಿನ ಭಯಕ್ಕಿಂತ ಮಿಗಿಲಾಗಿ, ತಾನು ಹೋದ ಮೇಲೆ ತಾಯಿತಂದೆಯರ ಗತಿಯೇನೆಂಬ ಚಿಂತೆ. ತನಗೆ ಪ್ರಿಯವಾದ ಕಾದಂಬರಿಯೊಂದು ಅರ್ಧ ವಾಕ್ಯದಲ್ಲೇ ನಿಂತಿರುವುದರಿಂದ, ಅದರ ಉಳಿದ ಪಾತ್ರಗಳಿಗೆ ಮುಂದೇನಾಯಿತೆಂದು ಲೇಖಕನನ್ನೇ ಕೇಳಲು ಅವಳು ಆಮ್ಸ್ಟರ್‌ಡ್ಯಾಮಿಗೆ ಹೋಗುತ್ತಾಳೆ. ಆತ ಉತ್ತರ ಕೊಡುವುದಿಲ್ಲ. ತನ್ನ ತಾಯಿ ಇತರರಿಗೆ ನೆರವಾಗಲೆಂದು ಸಮಾಜಕಾರ್ಯದ ಅಧ್ಯಯನ ಕೈಗೊಂಡಿರುವುದು ಕೊನೆಗೆ ತಿಳಿದಾಗ ಅವಳಿಗೆ ಸಮಾಧಾನ ಒದಗುತ್ತದೆ. ಹೇಜಲ್ ಸ್ವತಃ ಕಾಲೇಜಿನ ಪಾಠಗಳಿಗೆ ಹೋಗುವವಳೆಂಬುದೂ ಗಮನಾರ್ಹ. 2020ರಲ್ಲಿ ಈ ಕಥೆ ಜಮ್‌ಶೆಡ್‌ಪುರವನ್ನು ನೆಲೆಯಾಗಿಸಿಕೊಂಡು 'ದಿಲ್ ಬೇಚಾರಾ' ಎಂಬ ಹಿಂದಿ ಚಲನಚಿತ್ರವಾಯಿತು.

ಇಂಥ ಕೃತಿಗಳು ಎಳೆಯ ಮನಸ್ಸನ್ನು ಕುಗ್ಗಿಸುತ್ತವೆ, ಸಾವಿಗೆ ಮೋಹಕತೆಯ ಬಣ್ಣ ಬಳಿಯುತ್ತವೆ ಎಂಬ ಆಕ್ಷೇಪಣೆಯುಂಟು. ಅದನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ರೋಗಿಗಳೆಲ್ಲ ಹೇಜಲ್‌ಳಂತೆ ಚತುರವಾಗಿ ಮಾತನಾಡುವುದಿಲ್ಲ. ವ್ಯಾಧಿಗೆ ತುತ್ತಾದವರೆಲ್ಲ ಸಾಯುವುದೂ ಇಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿನಿಂದ ಇಂದು ಶ್ರೀಮಂತ ರಾಷ್ಟ್ರಗಳಲ್ಲಿ ಬಹುಪಾಲು ಮಕ್ಕಳು ಪಾರಾಗುತ್ತಾರೆ. ಕಾದಂಬರಿಯನ್ನು ವೈದ್ಯಗ್ರಂಥವೆಂದು ಓದಬಾರದು. ಆದರೂ ರೋಗಿಯ ವ್ಯಕ್ತಿತ್ವ ರೋಗಕ್ಕಿಂತ ದೊಡ್ಡದು ಎಂದು ಅವು ತೋರುವ ಸತ್ಯವನ್ನು ಅಲ್ಲಗಳೆಯಲಾಗದು.

ಈ ಸತ್ಯ ನನಗೆ ತಿಳಿದದ್ದು ಪುಸ್ತಕಕ್ಕಿಂತ ಮೊದಲು, ಒಬ್ಬ ವಿದ್ಯಾರ್ಥಿಯಿಂದ. ದೀರ್ಘ ಚಿಕಿತ್ಸೆಯ ನಡುವೆ ಶಾಲೆಗೆ ಮರಳಿದ್ದ ಅವನ ನಿಬಂಧಕ್ಕೆ, ಓದಿಯೂ ಓದದಂತೆ, ಪೂರ್ಣ ಅಂಕ ಕೊಟ್ಟಿದ್ದೆ. ಮಾರನೆಯ ದಿನ ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟು, "ನನ್ನ ತಪ್ಪುಗಳನ್ನು ಏಕೆ ತಿದ್ದಲಿಲ್ಲ, ಗುರುಗಳೇ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಕರುಣೆಯೆಂದು ನಾನು ಭಾವಿಸಿದ್ದುದು ಅವನ ಕಣ್ಣಿಗೆ ಕೈಬಿಟ್ಟಂತೆ ಕಂಡಿತ್ತು. ತಿದ್ದುವವನು ನಾಳೆಯಲ್ಲಿ ನಂಬಿಕೆಯಿಟ್ಟವನಷ್ಟೆ! ಅಂದೇ ಕೆಂಪು ಶಾಯಿಯಲ್ಲಿ ತಪ್ಪುಗಳನ್ನೆಲ್ಲ ತಿದ್ದಿಕೊಟ್ಟೆ. ಅವನ ಮುಖ ಅರಳಿತು.

ಆದುದರಿಂದ ಕಾಯಿಲೆ ಬಿದ್ದ ವಿದ್ಯಾರ್ಥಿಗೆ ಹಣದ ನೆರವಿನಷ್ಟೇ ಅಗತ್ಯವಾದದ್ದು ವಿದ್ಯಾರ್ಥಿಯೆಂಬ ಸ್ಥಾನ. ಅವನ ಬೆಂಚು ಅವನಿಗಾಗಿ ಕಾದಿರಲಿ. ಪಾಠದ ಟಿಪ್ಪಣಿಗಳು ಹಾಸಿಗೆಯವರೆಗೆ ಹೋಗಲಿ. ಗೆಳೆಯರು ಕ್ರಿಕೆಟ್ಟಿನ ಸುದ್ದಿಯನ್ನೂ ಜಗಳದ ಸುದ್ದಿಯನ್ನೂ ಒಯ್ಯಲಿ. ಶಾಲೆಯ ಗ್ರಂಥಭಂಡಾರಕ್ಕೆ ಪುಸ್ತಕದಾನ ಮಾಡುವ ಮಹನೀಯರು ಇಂಥ ಕೃತಿಗಳಿಗೂ ಒಂದು ಸ್ಥಳ ಕಲ್ಪಿಸಿದರೆ, ಆರೋಗ್ಯವಂತ ಮಕ್ಕಳು ತಮ್ಮ ನೊಂದ ಗೆಳೆಯನೊಡನೆ ಗೆಳೆಯರಂತೆಯೇ ಮಾತನಾಡುವುದನ್ನು ಕಲಿತಾರು. ಅಧ್ಯಾಪಕರಾದ ನಾವೂ ಅವರ ಜೊತೆಯಲ್ಲಿ ಕಲಿಯಬೇಕಾದುದು ಉಂಟು.