‘ಅಳುಬುರುಕ’ ಮತ್ತು ‘ಹೆಂಗರುಳು’: ಸೂಕ್ಷ್ಮಸಂವೇದನೆಯ ಪರಿಭಾಷೆ

ಬೇಗ ನೋಯುವ, ಬೇಗ ಮಿಡಿಯುವ ಸ್ವಭಾವವನ್ನು ಹೆಸರಿಸುವ ಕನ್ನಡದ ಪದಗಳಲ್ಲಿ ಎರಡು ಧೋರಣೆಗಳು ಕಾಣುತ್ತವೆ. ‘ಅಳುಬುರುಕ’, ‘ಅಂಜುಬುರುಕ’ ಎಂಬಲ್ಲಿನ ‘-ಬುರುಕ’ ಎಂಬ ಅಂಶವು, ‘ನಿದ್ದೆಬುರುಕ’, ‘ಆಸೆಬುರುಕ’ ಎಂಬ ಪದಗಳಲ್ಲಿರುವಂತೆಯೇ, ಮಿತಿಮೀರಿದ ರೂಢಿಯನ್ನೂ ಅದರ ಬಗೆಗಿನ ತಾತ್ಸಾರವನ್ನೂ ಒಟ್ಟಿಗೆ ಸೂಚಿಸುತ್ತದೆ. ‘ಹೆಂಗರುಳು’ ಎಂಬುದು ಮೆಚ್ಚುಗೆಯ ಮಾತು. ಆದರೆ ಅದು ಮರುಗುವ ಗುಣವನ್ನು ಹೆಣ್ತನಕ್ಕೆ ಒಪ್ಪಿಸಿಬಿಡುತ್ತದೆ. ಒಂದು ಪದ ಸ್ವಭಾವವನ್ನು ದೋಷವಾಗಿಸಿದರೆ, ಇನ್ನೊಂದು ಅದನ್ನು ಲಿಂಗಬದ್ಧಗೊಳಿಸುತ್ತದೆ. ಸ್ವಭಾವವನ್ನು ಸ್ವಭಾವವೆಂದೇ ಗುರುತಿಸುವ ಪರಿಭಾಷೆಯ ಅಗತ್ಯ ಇಲ್ಲಿಂದ ಹುಟ್ಟುತ್ತದೆ.

ಮನೋವಿಜ್ಞಾನದಲ್ಲಿ ಈ ಪರಿಭಾಷೆಗೆ ತಳಹದಿ ಹಾಕಿದವರು ಅಮೆರಿಕದ ಎಲೈನ್ ಆರನ್. ಅವರು ಆರ್ಥರ್ ಆರನ್ ಅವರೊಡನೆ 1997ರಲ್ಲಿ ಪ್ರಕಟಿಸಿದ ಅಧ್ಯಯನವು 27 ಅಂಶಗಳ ಮಾಪಕವೊಂದನ್ನು ರೂಪಿಸಿತು. ಅನುಭವವನ್ನು ಆಳವಾಗಿ ಪರಿಭಾವಿಸುವುದು, ಸೂಕ್ಷ್ಮ ವ್ಯತ್ಯಾಸಗಳನ್ನು ಗ್ರಹಿಸುವುದು, ಭಾವನೆಗಳಿಗೆ ತೀವ್ರವಾಗಿ ಸ್ಪಂದಿಸುವುದು, ಸದ್ದುಗದ್ದಲಗಳಿಂದ ಬೇಗ ದಣಿಯುವುದು ಇದರ ಲಕ್ಷಣಗಳು. ಇದು ರೋಗವಲ್ಲ, ಸಂಕೋಚಕ್ಕಾಗಲಿ ಅಂತರ್ಮುಖತೆಗಾಗಲಿ ಪರ್ಯಾಯ ಪದವೂ ಅಲ್ಲ. 2018ರ ಅಧ್ಯಯನವೊಂದು ವಯಸ್ಕರನ್ನು ಹೆಚ್ಚು, ಮಧ್ಯಮ, ಕಡಿಮೆ ಸಂವೇದನೆಯ ಗುಂಪುಗಳಲ್ಲಿ ಕ್ರಮವಾಗಿ ಶೇ. 31, 40, 29ರಷ್ಟು ಗುರುತಿಸಿತು. ಅಂದರೆ ಇದು ಕೆಲವರಲ್ಲಿದ್ದು ಉಳಿದವರಲ್ಲಿ ಇಲ್ಲದ ಗುಣವಲ್ಲ. ಎಲ್ಲರಲ್ಲಿಯೂ ಪ್ರಮಾಣಭೇದದಿಂದ ಇರುವಂಥದು.

ಕನ್ನಡ ವಿಮರ್ಶೆಗೆ ಈ ಚರ್ಚೆ ‘ಸಹೃದಯ’ ಪರಿಕಲ್ಪನೆಯನ್ನು ನೆನಪಿಸುವುದು ಸಹಜ. ಆದರೆ ಎರಡನ್ನೂ ಸಮೀಕರಿಸುವುದು ಸರಿಯಾಗದು. ಅಭಿನವಗುಪ್ತನ ಪ್ರಕಾರ ಸಹೃದಯನ ಮನಸ್ಸು ನಿರ್ಮಲವಾಗುವುದು ಕಾವ್ಯದ ನಿರಂತರ ಪರಿಶೀಲನೆಯ ಅಭ್ಯಾಸದಿಂದ. ಸೂಕ್ಷ್ಮಸಂವೇದನೆಯಲ್ಲಾದರೋ ಹುಟ್ಟಿನಿಂದ ಬಂದ ಅಂಶ ಗಣನೀಯವಾಗಿದೆ. ಮೊದಲನೆಯದು ಸಂಸ್ಕಾರ, ಎರಡನೆಯದು ಪ್ರಕೃತಿ. ಬೇಗ ಕಣ್ಣೀರಾಗುವವರೆಲ್ಲ ಸಹೃದಯರಲ್ಲ. ಸಹೃದಯರೆಲ್ಲ ಬೇಗ ಕಣ್ಣೀರಾಗಬೇಕಿಲ್ಲ.

ಆದರೂ ಪ್ರಕೃತಿ ಯಾವ ಫಲ ಕೊಡುತ್ತದೆಂಬುದು ಪರಿಸರವನ್ನು ಅವಲಂಬಿಸಿದೆ. ಪ್ರತಿಕೂಲ ಪರಿಸರದಲ್ಲಿ ಹೆಚ್ಚು ಕುಗ್ಗುವ ಸೂಕ್ಷ್ಮಸ್ವಭಾವದವರೇ ಅನುಕೂಲ ಪರಿಸರದಲ್ಲಿ ಇತರರಿಗಿಂತ ಹೆಚ್ಚು ಪ್ರಯೋಜನ ಪಡೆಯಬಲ್ಲರೆಂದು ಈ ಕ್ಷೇತ್ರದ ಸಂಶೋಧನೆಗಳು ಸೂಚಿಸುತ್ತವೆ. ಕಾವ್ಯಪಾಠದ ತರಗತಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಪದ್ಯವೊಂದಕ್ಕೆ ಕಂಠ ಬಿಗಿದು ಮಾತು ನಿಂತ ವಿದ್ಯಾರ್ಥಿಯನ್ನು ‘ಅಳುಬುರುಕ’ನೆಂದು ನಕ್ಕರೆ ಆತ ಕಾವ್ಯದಿಂದಲೇ ದೂರವಾಗಬಹುದು, ಉತ್ತರಿಸಲು ತುಸು ಸಮಯ ಕೊಟ್ಟರೆ ಆ ಪ್ರಕೃತಿಯೇ ಸಹೃದಯತೆಗೆ ನೆಲೆಯಾದೀತು. ಸ್ವಭಾವವನ್ನು ಒಪ್ಪಿಕೊಳ್ಳುವುದೆಂದರೆ ಅದನ್ನು ವೈಭವೀಕರಿಸುವುದಲ್ಲ, ತಿದ್ದಬೇಕಾದ ದೋಷಗಳ ಪಟ್ಟಿಯಿಂದ ಅದನ್ನು ಹೊರಗಿಡುವುದು.