ವಾರದ ರಸಪ್ರಶ್ನೆ ಕಲಿಸುವ ಪಾಠ

ವಾರಕ್ಕೊಮ್ಮೆ ಒಂದಿಷ್ಟು ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು, ಪುಸ್ತಕವನ್ನಾಗಲಿ ಫೋನನ್ನಾಗಲಿ ಮುಟ್ಟದೆ ಉತ್ತರ ಬರೆಯುವ ಅಭ್ಯಾಸ ನನಗೆ ಬಹಳ ಕಾಲದಿಂದ ಇದೆ. ನಮಗೆಷ್ಟು ಗೊತ್ತು ಎಂದು ತಿಳಿದುಕೊಳ್ಳುವುದಕ್ಕಾಗಿ ಇದನ್ನು ಮಾಡುತ್ತೇವೆ ಎಂಬುದು ಸಾಮಾನ್ಯ ನಂಬಿಕೆ. ಈ ಅಭ್ಯಾಸದಿಂದ ನಾನು ಕಂಡುಕೊಂಡ ಸತ್ಯ ಅದಕ್ಕಿಂತ ದೊಡ್ಡದು. ರಸಪ್ರಶ್ನೆ ತಿಳಿವಳಿಕೆಯನ್ನು ಅಳೆಯುವಾಗಲೇ ಅದನ್ನು ಗಟ್ಟಿಯೂ ಮಾಡುತ್ತದೆ. ನಾಲಗೆಯ ತುದಿಯಲ್ಲಿದ್ದೂ ಹೊರಬಾರದ ಹೆಸರಿಗಾಗಿ ಮನಸ್ಸು ಪಡುವ ಶ್ರಮವೇ ಇಲ್ಲಿನ ನಿಜವಾದ ಕಲಿಕೆ.

ಇದಕ್ಕೆ ಪುರಾವೆಯೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕೆಲವು ಪಾಠಗಳನ್ನು ಎರಡೆರಡು ಸಲ ಓದಿದರು. ಇನ್ನು ಕೆಲವನ್ನು ಒಮ್ಮೆ ಓದಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲಾಗಿತ್ತು: ಅದರಲ್ಲಿ ಶೇ 81ರಷ್ಟು ನೆನಪಿತ್ತು, ಬರೆದು ನೋಡಿದ್ದರಲ್ಲಿ ಶೇ 75. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿಬಿತ್ತು. ಮತ್ತೆ ಓದಿದ್ದು ಶೇ 42ಕ್ಕೆ ಇಳಿದರೆ, ಬರೆದು ನೋಡಿದ್ದು ಶೇ 56ರಲ್ಲಿ ನಿಂತಿತ್ತು. ಓದಿದ್ದನ್ನೇ ಓದುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ; ಆ ಪರಿಚಯವನ್ನು ನಾವು ನೆನಪೆಂದು ಭ್ರಮಿಸುತ್ತೇವೆ. ಪ್ರಶ್ನೆ ಎದುರಾದಾಗ ಆ ಭ್ರಮೆಗೆ ಜಾಗವಿಲ್ಲ. ನಡುವಿನ ವಾರದ ಬಿಡುವೂ ವ್ಯರ್ಥವಲ್ಲ. ಕಲಿತದ್ದು ಮೊದಲ ಗಂಟೆಗಳಲ್ಲಿ, ದಿನಗಳಲ್ಲಿ ವೇಗವಾಗಿ ಮರೆತುಹೋಗುತ್ತದೆ, ಆಮೇಲೆ ನಿಧಾನವಾಗಿ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಅರ್ಧ ಮರೆತದ್ದನ್ನು ಕಷ್ಟಪಟ್ಟು ಹೊರತೆಗೆದಾಗ ಅದು ಮೊದಲಿಗಿಂತ ಆಳವಾಗಿ ಊರುತ್ತದೆ.

ಎರಡನೆಯ ಪಾಠ ತಪ್ಪು ಉತ್ತರಗಳಿಗೆ ಸಂಬಂಧಿಸಿದ್ದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಯಾವಾಗ ಎಂದು ಕೇಳಿದರೆ 1956 ಎಂಬ ಉತ್ತರ ಥಟ್ಟನೆ ಬರುವುದುಂಟು. ಆ ವರ್ಷ ನವೆಂಬರ್ 1ರಂದು ಒಂದಾದದ್ದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೀಗೆ ಪೂರ್ಣ ವಿಶ್ವಾಸದಿಂದ ಕೊಟ್ಟ ತಪ್ಪು ಉತ್ತರವೇ, ಸರಿ ಉತ್ತರ ತಿಳಿದ ಮೇಲೆ ಹೆಚ್ಚು ಸುಲಭವಾಗಿ ತಿದ್ದಿಕೊಳ್ಳುತ್ತದೆ ಎಂದು 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಎಂಬ ಸಂಶೋಧಕರು ತೋರಿಸಿದರು. ಅಚ್ಚರಿ ಗಮನವನ್ನು ಎಚ್ಚರಿಸುತ್ತದೆ. ಆದ್ದರಿಂದ ಪ್ರತಿ ಉತ್ತರದ ಪಕ್ಕದಲ್ಲಿ ‘ಖಚಿತ’, ‘ಅನುಮಾನ’, ‘ಊಹೆ’ ಎಂದು ಗುರುತು ಹಾಕಿಕೊಳ್ಳುವುದು ಅಂಕ ಎಣಿಸುವುದಕ್ಕಿಂತ ಹೆಚ್ಚು ಉಪಯುಕ್ತ. ‘ಖಚಿತ’ ಎಂದು ಬರೆದು ತಪ್ಪಿದ ಉತ್ತರಗಳೇ ಆ ವಾರದ ನಿಜವಾದ ಗಳಿಕೆ. ಆದರೆ ಸರಿ ಉತ್ತರವನ್ನು ನೋಡದೆ ಎದ್ದುಬಿಡಬಾರದು. ನಾಲ್ಕು ಆಯ್ಕೆಗಳಿರುವ ಪ್ರಶ್ನೆಗಳಲ್ಲಂತೂ, ಓದಿದ ತಪ್ಪು ಆಯ್ಕೆಯೇ ಸರಿಯೆಂದು ಮನಸ್ಸಿನಲ್ಲಿ ಕೂರುವ ಅಪಾಯವಿದೆ. ಆಯ್ಕೆಗಳಿಲ್ಲದ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ.

ಎಲ್ಲವೂ ಫೋನಿನಲ್ಲಿ ಸಿಗುವಾಗ ಇಷ್ಟೆಲ್ಲ ನೆನಪಿಡುವುದೇಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೂರವಾಣಿ ಸಂಖ್ಯೆಗಳ ಮಟ್ಟಿಗೆ ಅದು ನಿಜವೇ. ಆದರೆ ಹುಡುಕಬೇಕೆಂದು ಅನ್ನಿಸುವುದಕ್ಕೂ ಮೊದಲು ಏನಾದರೂ ತಿಳಿದಿರಬೇಕು. ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿತು ಎಂಬುದು ಬರಿಯ ಇಸವಿ. ಆ ವಿದ್ಯುತ್ತು ಮೊದಲು ಹೋದದ್ದು ನೂರು ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ, ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ ಎಂಬ ಸಂಗತಿಗಳು ಜೊತೆಗೂಡಿದಾಗ, ಊರಿಗಿಂತ ಗಣಿಗೆ ಮೊದಲು ಬೆಳಕು ಹೋದದ್ದೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಈ ಮೂರೂ ಒಂದೇ ತಲೆಯಲ್ಲಿ ಇಲ್ಲದಿದ್ದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ, ಹುಟ್ಟದ ಪ್ರಶ್ನೆಯನ್ನು ಯಾವ ಯಂತ್ರದಲ್ಲೂ ಹುಡುಕಲಾಗದು.

ಇದೆಲ್ಲ ಬಿಡಿಬಿಡಿ ಸಂಗತಿಗಳ ರಾಶಿ, ಜ್ಞಾನವಲ್ಲ ಎನ್ನುವವರೂ ಇದ್ದಾರೆ. ಕೇವಲ ಇಸವಿ, ಎತ್ತರ, ಉದ್ದ ಕೇಳುವ ಪ್ರಶ್ನೆಪತ್ರಿಕೆಗೆ ಈ ಮಾತು ಸಲ್ಲುತ್ತದೆ. ಒಳ್ಳೆಯ ಪ್ರಶ್ನೆ ತನ್ನೊಳಗೇ ಸುಳಿವು ಇಟ್ಟುಕೊಂಡು ಯೋಚನೆಗೆ ದಾರಿ ಮಾಡುತ್ತದೆ. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನಂಥ ಸಂಸ್ಥೆಗಳ ಸುತ್ತ ಬೆಳೆದ ರಸಪ್ರಶ್ನೆಯ ಸಂಪ್ರದಾಯದಲ್ಲಿ ಗೊತ್ತಿಲ್ಲದ ಉತ್ತರವನ್ನೂ ತರ್ಕದಿಂದ ಮುಟ್ಟುವುದಕ್ಕೆ ದೊಡ್ಡ ಬೆಲೆಯಿದೆ. ಡಾ. ನಾ. ಸೋಮೇಶ್ವರ ಅವರು ನಡೆಸುವ, ಚಂದನ ವಾಹಿನಿಯಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ಸರಿ ಉತ್ತರಕ್ಕೆ ಕೊಡುವ ಬಹುಮಾನ ಕನ್ನಡ ಪುಸ್ತಕ. ಉತ್ತರದಿಂದ ಓದಿಗೆ ಹೋಗಬೇಕಾದ ದಾರಿಯನ್ನು ಅದು ಸರಿಯಾಗಿ ಗುರುತಿಸಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಬಾಯಿಪಾಠಕ್ಕೂ ವಾರದ ರಸಪ್ರಶ್ನೆಗೂ ಒಂದು ಅಂತರವಿದೆ: ಅಲ್ಲಿ ತಪ್ಪಿದರೆ ಕೆಲಸ ಕೈತಪ್ಪಬಹುದು, ಇಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆ ನಿರ್ಭಯದಲ್ಲಿ ಮನಸ್ಸು ಧೈರ್ಯವಾಗಿ ಊಹಿಸುತ್ತದೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈ ಭಾನುವಾರ ಹತ್ತು ಪ್ರಶ್ನೆಗಳನ್ನು ಆರಿಸಿಕೊಳ್ಳಿ, ಫೋನನ್ನು ದೂರವಿಡಿ, ತೋಚಿದ ಉತ್ತರವನ್ನು ಬರೆದೇ ಬಿಡಿ. ತಪ್ಪಿದ ಪ್ರತಿಯೊಂದರ ಬಗ್ಗೆಯೂ ಒಂದು ಪುಟ ಓದಿ. ತಿಂಗಳ ನಂತರ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿಕೊಳ್ಳಿ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಆದರೆ ಅವರ ಅಂಕವನ್ನು ಮಾತ್ರ ಕೇಳಬೇಡಿ. ಯಾವ ಉತ್ತರ ಅವರಿಗೆ ಅಚ್ಚರಿ ತಂದಿತು ಎಂದು ಕೇಳಿ.