ಕಾರ್ತಿಕದ ಫೋನು: ಸೀಸನ್‌ಗೆ ಹುಡುಗರನ್ನು ಕೂರಿಸುವ ಮುನ್ನ



ನಾವು ಅಮೀರ್‌ಪೇಟೆಯಲ್ಲಿ ಶಾಕಾಹಾರಿ ಹೋಟೆಲ್ ನಡೆಸುತ್ತಿರುವವರು. ನಮ್ಮ ಕಡೆ ದೀಪಾವಳಿ ಮರುದಿನ ಕಾರ್ತಿಕ ಮಾಸ ಹುಟ್ಟಿತೆಂದರೆ ಫೋನಿಗೆ ಬಿಡುವಿಲ್ಲ. ತೆಲುಗು ಮನೆಗಳಲ್ಲಿ ಆ ತಿಂಗಳು ಮಾಂಸ ಬಿಡುವವರು ಬಹಳ. ಭಾನುವಾರ ಬಂತೆಂದರೆ ನೆಲ್ಲಿ ಮರದ ಕೆಳಗೆ ವನಭೋಜನ. ಅದರ ಜೊತೆಗೆ ಅಯ್ಯಪ್ಪ ಮಾಲೆ ಹಾಕಿದವರ ಭಿಕ್ಷೆ, ಮದುವೆ ಮುಹೂರ್ತ ಎಲ್ಲವೂ ಸೇರುತ್ತವೆ. ಈ ಒಂದು ತಿಂಗಳಿಗೆಂದೇ ಫೋನಿಗೆ ಒಬ್ಬಿಬ್ಬರನ್ನು ಕೂರಿಸುತ್ತೇವೆ. ಆ ಕೆಲಸದಲ್ಲಿ ಏನೇನು ಎದುರಾಗುತ್ತದೆ, ಮಾಲೀಕರಾದ ನಾವು ಏನು ಮಾಡಬೇಕು ಎಂಬುದನ್ನು ಪೆಟ್ಟು ತಿಂದು ಕಲಿತಿದ್ದೇವೆ. ಅದನ್ನೇ ಇಲ್ಲಿ ಬರೆದಿದ್ದೇವೆ.

ಒಂದು ಭಾನುವಾರದ ಪಾಠ

ಅಮೀರ್‌ಪೇಟೆ ಎಂದರೆ ಸಾಫ್ಟ್‌ವೇರ್ ಕೋರ್ಸುಗಳ ಪೇಟೆ. ಮೈತ್ರೀವನಂ ಸುತ್ತಮುತ್ತ ಎಲ್ಲಿ ನೋಡಿದರೂ ಹಾಸ್ಟೆಲ್ಲು, ಕೋಚಿಂಗ್ ಸೆಂಟರು. ಅಲ್ಲಿ ಓದುವ ಹುಡುಗರು ಅರ್ಧ ದಿನದ ಕೆಲಸಕ್ಕೆ ಸಿಗುತ್ತಾರೆ. ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ಒಬ್ಬ ಹುಡುಗನನ್ನು, ನಮ್ಮ ಭಾಷೆಯವನೆಂಬ ಅಭಿಮಾನದಿಂದ, ಫೋನಿಗೆ ಕೂರಿಸಿದೆವು. ಅವನು ಊರಿಗೆ ಬಂದು ಮೂರು ತಿಂಗಳಾಗಿತ್ತು, ತೆಲುಗು ಅಷ್ಟಕ್ಕಷ್ಟೆ.

ವನಭೋಜನಕ್ಕೆಂದು ಒಬ್ಬರು ‘ಅರವೈ’ ಊಟ ಹೇಳಿದರು. ತೆಲುಗಿನಲ್ಲಿ ಅರವೈ ಎಂದರೆ 60, ಇರವೈ ಎಂದರೆ 20. ಹುಡುಗ ಬರೆದುಕೊಂಡದ್ದು 20. ಭಾನುವಾರ ಮಧ್ಯಾಹ್ನ ನಮ್ಮ ವ್ಯಾನು 20 ಊಟ ಇಳಿಸಿದಾಗ ಅಲ್ಲಿ ಮಕ್ಕಳು, ಮುದುಕರು ಸೇರಿ 60 ಜನ ಎಲೆ ಹಾಕಿಕೊಂಡು ಕೂತಿದ್ದರು. ಉಳಿದ 40 ಊಟ ಮಾಡಿ ಕಳಿಸುವಾಗ ಮೂರು ಗಂಟೆ ದಾಟಿತ್ತು. ಹಣ ವಾಪಸು ಕೊಟ್ಟೆವು, ಕೈ ಮುಗಿದೆವು. ಆ ಗಿರಾಕಿ ಮತ್ತೆ ಬರಲಿಲ್ಲ.

ನಾವು ಸಿಟ್ಟಿನಲ್ಲಿ ಹುಡುಗನ ಸಂಬಳದಲ್ಲಿ ನಷ್ಟ ಹಿಡಿದೆವು. ಅವನು ಎದುರು ಮಾತಾಡದೆ ಕೊಟ್ಟಷ್ಟು ತೆಗೆದುಕೊಂಡು ಹೋದ. ಮರುದಿನ ಅವನ ಜಾಗದಲ್ಲಿ ನಾವೇ ಕೂತೆವು. ಒಂದು ಮಗ್ಗುಲಲ್ಲಿ ಗ್ರೈಂಡರ್, ಇನ್ನೊಂದು ಮಗ್ಗುಲಲ್ಲಿ ಬಿಲ್ ಕೌಂಟರ್. ಹತ್ತು ನಿಮಿಷದಲ್ಲಿ ನಮಗೇ ಎರಡು ಸಲ ತಪ್ಪು ಕೇಳಿಸಿತು. ಬರೆದದ್ದನ್ನು ಗಿರಾಕಿಗೆ ಓದಿ ಹೇಳಬೇಕೆಂದು ಆ ಹುಡುಗನಿಗೆ ನಾವು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ತಪ್ಪು ಯಾರದೆಂದು ಅಂದು ತಿಳಿಯಿತು.

ಫೋನಿಗೆ ಕೂರುವವರು ತಿಳಿದಿರಬೇಕಾದದ್ದು

1. ಸಂಖ್ಯೆಯನ್ನು ಎರಡು ಭಾಷೆಯಲ್ಲಿ ಹೇಳಿಸಬೇಕು. ಇರವೈ-ಅರವೈಯಂತೆಯೇ ಯಾಭೈ (50), ಎನಭೈ (80) ಕೂಡ ಗದ್ದಲದಲ್ಲಿ ಒಂದೇ ತರಹ ಕೇಳುತ್ತವೆ. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿಯೂ ಹಾಗೆಯೇ. ‘ಅರವೈ, ಸಿಕ್ಸ್ ಝೀರೋ, ಹೌದಾ?’ ಎಂದು ಕೇಳಿ ‘ಹೌದು’ ಎನ್ನಿಸಿಕೊಂಡ ಮೇಲೆಯೇ ಬರೆಯಬೇಕು.

2. ದಿನದ ಜೊತೆ ತಾರೀಖು, ವಾರ ಕೇಳಬೇಕು. ತೆಲುಗಿನ ‘ಎಲ್ಲುಂಡಿ’ ಎಂದರೆ ನಾಡಿದ್ದು. ಹಿಂದಿಯ ‘ಪರ್ಸೋಂ’ ಎಂದರೆ ಮೊನ್ನೆಯೂ ಆಗಬಹುದು, ನಾಡಿದ್ದೂ ಆಗಬಹುದು.

3. ಅಡುಗೆಮನೆಯ ಗಡಿಯಾರ ಗೊತ್ತಿರಬೇಕು. ಇಡ್ಲಿಗೆ ನೆನೆಸಲು ನಾಲ್ಕೈದು ಗಂಟೆ, ಹಿಟ್ಟು ಹುಳಿಯಲು ಒಂದು ರಾತ್ರಿ ಬೇಕು. ಆದ್ದರಿಂದ ನಾಳೆ ಬೆಳಿಗ್ಗೆಯ 200 ಇಡ್ಲಿಗೆ ಇಂದು ರಾತ್ರಿ ಒಂಬತ್ತಕ್ಕೆ ‘ಆಗಲಿ’ ಎನ್ನಬಾರದು. ಪುಳಿಯೋಗರೆ, ಉಪ್ಪಿಟ್ಟಾದರೆ ಆಗಬಹುದು. ಯಾವುದಕ್ಕೆ ಎಷ್ಟು ಹೊತ್ತಿನೊಳಗೆ ಆರ್ಡರ್ ಬರಬೇಕೆಂಬ ಪಟ್ಟಿಯನ್ನು ನಾವು ಫೋನಿನ ಎದುರು ಗೋಡೆಗೆ ಅಂಟಿಸಿದ್ದೇವೆ.

4. ಈರುಳ್ಳಿ, ಬೆಳ್ಳುಳ್ಳಿ ಬೇಕೋ ಬೇಡವೋ ಎಂದು ಕಾರ್ತಿಕದಲ್ಲಿ ಪ್ರತಿಯೊಬ್ಬರನ್ನೂ ಕೇಳಲೇಬೇಕು. ಅಯ್ಯಪ್ಪ ಭಿಕ್ಷೆಯಲ್ಲಿ ಇದು ತಪ್ಪಿದರೆ ಹಣ ವಾಪಸು ಕೊಟ್ಟರೂ ಸರಿಹೋಗದು.

5. ವಿಳಾಸದ ಜೊತೆ ಗುರುತು ಕೇಳಬೇಕು. 2017ರ ನವೆಂಬರಿನಲ್ಲಿ ಮೆಟ್ರೋ ಶುರುವಾದ ಮೇಲೆ ಇಲ್ಲಿ ಮೆಟ್ರೋ ಪಿಲ್ಲರ್ ನಂಬರ್ ಹೇಳುವುದು ರೂಢಿಯಾಗಿದೆ. ಡ್ರೈವರನಿಗೆ ಬೀದಿಯ ಹೆಸರಿಗಿಂತ ಅದೇ ಅನುಕೂಲ.

6. ಮೋಸದ ಕರೆ ಬಂದೇ ಬರುತ್ತದೆ. ಮಿಲಿಟರಿ ಅಧಿಕಾರಿ ಎಂದು ಹೇಳಿ ದೊಡ್ಡ ಆರ್ಡರ್ ಕೊಟ್ಟು, ಅಡ್ವಾನ್ಸ್ ಕಳಿಸುತ್ತೇವೆಂದು ಕ್ಯೂಆರ್ ಕೋಡ್ ಕಳಿಸುವ ಮೋಸ ಅನೇಕ ಊರುಗಳಲ್ಲಿ ನಡೆದಿದೆ. ಹಣ ಪಡೆಯುವವರು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಓಟಿಪಿ ಹೇಳಬೇಕಾಗಿಲ್ಲ. ಕೆಲಸಕ್ಕೆ ಬಂದ ಮೊದಲ ದಿನವೇ ಇದನ್ನು ಬಾಯಿಪಾಠ ಮಾಡಿಸಿ.

7. ಬೈಗುಳ ಇದ್ದದ್ದೇ. ಹಸಿದವನಿಗೆ ತಾಳ್ಮೆ ಇರುವುದಿಲ್ಲ. ಎದುರುತ್ತರ ಕೊಡದೆ ‘ಮಾಲೀಕರಿಗೆ ಕೊಡುತ್ತೇನೆ’ ಎಂದರೆ ಸಾಕು. ಆ ಫೋನು ನಮ್ಮ ಕೈಗೆ ಬರಬೇಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮ ಉದ್ಯೋಗಕ್ಕೆಂದೇ ಹುಟ್ಟಿದಂತಿದೆ.

ಮಾಲೀಕರು ಮಾಡಬೇಕಾದದ್ದು

ಫೋನಿಗೆ ಗದ್ದಲವಿಲ್ಲದ ಮೂಲೆ ಕೊಡಿ. ತೆಗೆದುಕೊಂಡ ಆರ್ಡರನ್ನು ಆಗಲೇ ವಾಟ್ಸಾಪ್‌ನಲ್ಲಿ ಗಿರಾಕಿಗೆ ಕಳಿಸಿ, ‘ಸರಿ’ ಎಂಬ ಉತ್ತರ ಬಂದ ಮೇಲೆಯೇ ಚೀಟಿ ಅಡುಗೆಮನೆಗೆ ಹೋಗಲಿ. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ, ಕುಡಿಯಲು ಬಿಸಿನೀರು ಇರಲಿ. ದಿನವಿಡೀ ಮಾತಾಡಿದರೆ ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ.

ಕೆಲಸ ಎಂದಿನಿಂದ ಎಂದಿನವರೆಗೆ, ಸಂಬಳ ಎಷ್ಟು, ಊಟ ಎಷ್ಟು ಹೊತ್ತು ಎಂಬುದನ್ನು ಬರೆದು ಕೊಡಿ. ಕಾರ್ತಿಕ ಅಮಾವಾಸ್ಯೆಗೆ ಕೆಲಸ ಮುಗಿಯುವುದಾದರೆ ಅದನ್ನು ಮೊದಲೇ ಹೇಳಿ. ಹಾಸ್ಟೆಲ್ ಬಾಡಿಗೆ ಕಟ್ಟುವ ಹುಡುಗನಿಗೆ ಅದು ದೊಡ್ಡ ಲೆಕ್ಕ. ಇ.ಎಸ್.ಐ. ಅನ್ವಯಿಸುವ ಹೋಟೆಲ್‌ಗಳು ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುವಂತಿಲ್ಲ. 2019ರ ಜುಲೈಯಿಂದ ಮಾಲೀಕರ ಪಾಲು ಶೇ. 3.25, ಕೆಲಸಗಾರರ ಪಾಲು ಶೇ. 0.75.

ಇನ್ನು ಯಾರನ್ನು ಕೂರಿಸುವುದು? ಬೀದರ್, ಕಲಬುರಗಿ, ರಾಯಚೂರು ಕಡೆಯವರನ್ನು ನೋಡಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಆ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗನ್ನೋ ಉರ್ದುವನ್ನೋ ಮನೆಮಾತಿನಂತೆ ಆಡುವವರು ಸಿಗುತ್ತಾರೆ. ಬೇರೆ ಕಡೆಯವರಾದರೆ ಆಷಾಢದಲ್ಲೇ ಕರೆಸಿ ಕಲಿಸಿ. ಆಗ ಮುಹೂರ್ತವಿಲ್ಲ, ನಮಗೂ ಬಿಡುವು.

ಆ ಹಾವೇರಿ ಹುಡುಗನನ್ನು ಮುಂದಿನ ದೀಪಾವಳಿಗೆ ಕರೆಯೋಣವೆಂದು ಫೋನ್ ಮಾಡಿದೆವು. ಅಷ್ಟರಲ್ಲಿ ಕೋರ್ಸು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಹಿಡಿದಿಟ್ಟ ಹಣ ಕಳಿಸಿದೆವು. ‘ಬಂತು ಅಣ್ಣ’ ಎಂದಷ್ಟೇ ಬರೆದ. ಅವನ ಕೈಬರಹದ ಆ ‘20’ ಇರುವ ಚೀಟಿ ಈಗಲೂ ನಮ್ಮ ಗಲ್ಲಾಪೆಟ್ಟಿಗೆಯಲ್ಲಿದೆ. ಪ್ರತಿ ವರ್ಷ ಹೊಸಬರಿಗೆ ಮೊದಲ ದಿನ ಅದನ್ನೇ ತೋರಿಸಿ ಪಾಠ ಶುರು ಮಾಡುತ್ತೇವೆ.

ಹೋಟೆಲ್ ಬಂಧುಗಳು ತಮ್ಮ ಅನುಭವವನ್ನೂ ಪತ್ರಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರವಾದೀತು.